ಪೆಡಲ್ ನಿಲ್ಲಿಸಿದ ಮೇಲೆ ಸೈಕಲ್ ಏಕೆ ನಿಲ್ಲುತ್ತದೆ? ಟೈರಿನ ಘರ್ಷಣೆ, ಗಾಳಿಯ ತಡೆ ಎರಡನ್ನೂ ಬೇರೆ ಮಾಡಿ ಅಳೆಯುವ ಸಮಗ್ರ ಮಾರ್ಗದರ್ಶಿ

ಸಮತಟ್ಟಾದ ಡಾಂಬರು ರಸ್ತೆಯಲ್ಲಿ ಜೋರಾಗಿ ತುಳಿದು ಪೆಡಲ್ ನಿಲ್ಲಿಸಿದರೆ ಸೈಕಲ್ ನೂರೈವತ್ತು ಮೀಟರಿನಷ್ಟು ತಾನಾಗಿ ಉರುಳಿ ಕೊನೆಗೆ ನಿಲ್ಲುತ್ತದೆ. ‘ಘರ್ಷಣೆಯಿಂದ ನಿಂತಿತು’ ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಸಿಗುತ್ತದೆ. ಆದರೆ ಅಲ್ಲಿ ಕೆಲಸ ಮಾಡಿದ ಬಲಗಳು ಎರಡು, ಅವುಗಳ ಸ್ವಭಾವವೂ ಬೇರೆ. ಟೈರು ರಸ್ತೆಯ ಮೇಲೆ ಉರುಳುವಾಗ ಹುಟ್ಟುವ ಉರುಳು ಘರ್ಷಣೆ ಒಂದು. ಸೈಕಲ್ ನಿಧಾನವಾಗಿ ಹೋಗಲಿ, ಜೋರಾಗಿ ಹೋಗಲಿ, ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಇನ್ನೊಂದು ಗಾಳಿಯ ತಡೆ. ವೇಗ ಎರಡು ಪಟ್ಟಾದರೆ ಇದು ನಾಲ್ಕು ಪಟ್ಟಾಗುತ್ತದೆ, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಎರಡನ್ನೂ ಬಿಡಿಸಿ ಅಳೆಯಲು ಈ ಒಂದು ವ್ಯತ್ಯಾಸವೇ ಸಾಕು. ಒಂದೇ ರಸ್ತೆಯ ತುಂಡಿನ ಮೇಲೆ ಸೈಕಲನ್ನು ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ಉರುಳಲು ಬಿಟ್ಟು, ಎರಡೂ ಸಲ ಅದು ಎಷ್ಟು ಬೇಗ ವೇಗ ಕಳೆದುಕೊಳ್ಳುತ್ತದೆ ಎಂದು ನೋಡಬೇಕು. ನಿಧಾನದ ಓಟದಲ್ಲಿ ಕಾಣುವುದು ಬಹುಪಾಲು ಟೈರಿನ ಕೆಲಸ, ವೇಗದ ಓಟದಲ್ಲಿ ಕಾಣುವುದು ಬಹುಪಾಲು ಗಾಳಿಯ ಕೆಲಸ. ಪ್ರಯೋಗಾಲಯ ಬೇಡ, ದುಬಾರಿ ಉಪಕರಣವೂ ಬೇಡ. ಪಿಯುಸಿ ವಿದ್ಯಾರ್ಥಿಗಳಿಗೆ ಒಂದು ಭಾನುವಾರ ಬೆಳಗ್ಗೆ ಮುಗಿಯುವ ಕೆಲಸ. ಆದರೆ ಅಳತೆಯಲ್ಲಿ ಸ್ವಲ್ಪ ಉದಾಸೀನ ಮಾಡಿದರೂ ಉತ್ತರ ಕೆಡುತ್ತದೆ. ಹಾಗಾಗಿ ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಎಂಬುದಕ್ಕೇ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಮೊದಲು ಮನೆಯೊಳಗೆ ಒಂದು ಪರೀಕ್ಷೆ

ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು ಬರೀ ನಂಬಿ ಮುಂದೆ ಹೋಗಬೇಡಿ, ಕಣ್ಣಾರೆ ನೋಡಿ. ಬೇಕರಿಯಲ್ಲಿ ಕಪ್‌ಕೇಕ್ ಇಡುವ ನೆರಿಗೆಯ ಪೇಪರ್ ಕಪ್‌ಗಳನ್ನು ಐದು ತನ್ನಿ. ಅವು ಬಳಸದವಾಗಿರಬೇಕು, ಎಣ್ಣೆ ಹಿಡಿದ ಕಪ್ಪಿನ ತೂಕ ಬೇರೆಯಾಗಿರುತ್ತದೆ. ಒಂದು ಕೈಯಲ್ಲಿ ಒಂದೇ ಕಪ್ಪನ್ನು ನೆಲದಿಂದ 1 ಮೀಟರ್ ಎತ್ತರದಲ್ಲಿ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಒಂದರೊಳಗೊಂದು ಸೇರಿಸಿದ ನಾಲ್ಕು ಕಪ್‌ಗಳನ್ನು 2 ಮೀಟರ್ ಎತ್ತರದಲ್ಲಿ ಹಿಡಿಯಿರಿ. ತಳ ಕೆಳಗಿರಲಿ, ಫ್ಯಾನ್ ಆಫ್ ಆಗಿರಲಿ. ಎರಡನ್ನೂ ಒಟ್ಟಿಗೆ ಬಿಟ್ಟರೆ ಎರಡೂ ಹೆಚ್ಚುಕಡಿಮೆ ಒಟ್ಟಿಗೇ ನೆಲ ಮುಟ್ಟುತ್ತವೆ.

ಕಪ್ ತೀರ ಹಗುರ. ಬಿಟ್ಟ ಸ್ವಲ್ಪ ಹೊತ್ತಿಗೇ ಗಾಳಿಯ ತಡೆ ಅದರ ತೂಕಕ್ಕೆ ಸಮನಾಗಿ, ಆಮೇಲೆ ಅದು ಒಂದೇ ವೇಗದಲ್ಲಿ ಇಳಿಯುತ್ತದೆ. ನಾಲ್ಕು ಕಪ್‌ಗಳ ಆಕಾರ ಒಂದರದ್ದೇ, ತೂಕ ಮಾತ್ರ ನಾಲ್ಕು ಪಟ್ಟು. ಆ ತೂಕವನ್ನು ಹೊರಲು ಗಾಳಿಯ ತಡೆಯೂ ನಾಲ್ಕು ಪಟ್ಟಾಗಬೇಕು. ಒಂದೇ ಹೊತ್ತಿನಲ್ಲಿ ಎರಡರಷ್ಟು ದೂರ ಇಳಿದಿದೆ ಎಂದರೆ ಎರಡರಷ್ಟು ವೇಗದಲ್ಲೇ ಅಷ್ಟು ತಡೆ ಸಿಕ್ಕಿದೆ. ಎರಡರ ವರ್ಗ ನಾಲ್ಕು. ತೂಕದ ಕಟ್ಟು ಸ್ವಲ್ಪ ಮೊದಲೋ ಆಮೇಲೋ ಬಿದ್ದರೆ ಚಿಂತೆಯಿಲ್ಲ, ವೇಗ ಹಿಡಿಯುವ ಮೊದಲ ಕ್ಷಣಗಳ ಪರಿಣಾಮ ಅದು.

ಬೇಕಾಗುವ ಸಾಮಾನು

ಸುಸ್ಥಿತಿಯಲ್ಲಿರುವ ಸೈಕಲ್, ಸೆಕೆಂಡಿಗೆ 60 ಫ್ರೇಮ್ ವಿಡಿಯೊ ತೆಗೆಯುವ ಫೋನು, ಅದನ್ನು ಹ್ಯಾಂಡಲಿಗೆ ಬಿಗಿಯಾಗಿ ಕಟ್ಟಲು ಹೋಲ್ಡರ್, 30 ಮೀಟರಿನ ಅಳತೆ ಟೇಪು, ಬಿಳಿ ಸೀಮೆಸುಣ್ಣ, ತೂಕದ ಯಂತ್ರ, ಹೆಲ್ಮೆಟ್, ಎರಡು ಊದುಬತ್ತಿ. ಸೈಕಲ್ಲಿಗೆ ಹಾಕುವ ಸ್ಪೀಡೋಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಜತೆಗೆ ಇಬ್ಬರು ಬೇಕು. ಅವರ ಕೆಲಸ ರಸ್ತೆಯ ಎರಡೂ ತುದಿಯಲ್ಲಿ ನಿಂತು ವಾಹನ ಬರುತ್ತಿದೆಯೇ ಎಂದು ನೋಡುವುದು. ಈ ಇಬ್ಬರಿಲ್ಲದೆ ಪ್ರಯೋಗ ಶುರುಮಾಡಬೇಡಿ.

ಜಿಪಿಎಸ್ ಆ್ಯಪ್ ತೋರಿಸುವ ವೇಗವನ್ನು ಇಲ್ಲಿ ಬಳಸಲಾಗದು. ಅದು ಸಾಮಾನ್ಯವಾಗಿ ಸೆಕೆಂಡಿಗೊಮ್ಮೆ ಮಾತ್ರ ಬದಲಾಗುತ್ತದೆ, ಹಿಂದಿನ ಅಳತೆಗಳ ಸರಾಸರಿಯೂ ಅದರಲ್ಲಿ ಬೆರೆತಿರುತ್ತದೆ. ನಮಗೆ ಬೇಕಾದದ್ದು ವೇಗವಲ್ಲ, ವೇಗದಲ್ಲಾಗುವ ಸಣ್ಣ ಇಳಿಕೆ.

ಗೆಳೆಯನ ಕೈಗೆ ಸ್ಟಾಪ್‌ವಾಚ್ ಕೊಡುವುದೂ ಬೇಡ. ನಾವು ಅಳೆಯುವುದು 40 ಮೀಟರ್ ದಾರಿಯನ್ನು. ವೇಗದ ಓಟದಲ್ಲಿ ಅದರ ಮೊದಲ 20 ಮೀಟರಿಗೂ ಮುಂದಿನ 20 ಮೀಟರಿಗೂ ಹಿಡಿಯುವ ಹೊತ್ತಿನ ಅಂತರ ಅರ್ಧ ಸೆಕೆಂಡಿಗಿಂತ ಕಡಿಮೆ. ಕೈಬೆರಳಿನ ತಪ್ಪು 0.1 ಸೆಕೆಂಡ್ ಆದರೂ ಉತ್ತರದ ಕಾಲು ಭಾಗ ಹೋಯಿತು. 60 ಫ್ರೇಮಿನ ವಿಡಿಯೊದಲ್ಲಿ ಒಂದು ಫ್ರೇಮ್ ತಪ್ಪಿದರೆ ಆಗುವ ದೋಷ 0.017 ಸೆಕೆಂಡ್ ಮಾತ್ರ.

ರಸ್ತೆ ಮತ್ತು ಹೊತ್ತು

ಒಟ್ಟು 160 ಮೀಟರ್ ನೇರ ರಸ್ತೆ ಬೇಕು. ನಡುವಿನ 40 ಮೀಟರಿನಲ್ಲಿ ಅಳತೆ, ಎರಡೂ ಕಡೆ ತಲಾ 60 ಮೀಟರ್ ವೇಗ ಹಿಡಿಯಲು ಮತ್ತು ನಿಲ್ಲಿಸಲು. ಹೊಸ ಬಡಾವಣೆಗಳ ಖಾಲಿ ರಸ್ತೆ, ಕಾಲೇಜಿನ ಆವರಣದ ಒಳರಸ್ತೆ ಇದಕ್ಕೆ ಹೇಳಿಮಾಡಿಸಿದಂತಿರುತ್ತವೆ. ಮಣ್ಣು, ಜಲ್ಲಿ, ಗುಂಡಿ, ಹಂಪ್ ಇರಬಾರದು. ಡಾಂಬರು ಒಣಗಿರಬೇಕು.

ಕಣ್ಣಿಗೆ ಕಾಣದ ಇಳಿಜಾರೇ ಇಲ್ಲಿ ದೊಡ್ಡ ಕಂಟಕ. ಸವಾರನೂ ಸೈಕಲ್ಲೂ ಸೇರಿ 80 ಕಿಲೋ ಎಂದಿಟ್ಟುಕೊಳ್ಳಿ. ನೂರು ಮೀಟರಿಗೆ ಹತ್ತೇ ಸೆಂಟಿಮೀಟರ್ ಇಳಿಜಾರಿದ್ದರೂ ಗುರುತ್ವ ಸೈಕಲನ್ನು 0.8 ನ್ಯೂಟನ್ ಬಲದಿಂದ ಎಳೆಯುತ್ತದೆ. ನಾವು ಅಳೆಯಹೊರಟಿರುವ ಉರುಳು ಘರ್ಷಣೆಯೇ ಆರೇಳು ನ್ಯೂಟನ್. ನೂರಕ್ಕೆ ಅರ್ಧ ಮೀಟರ್ ಇಳಿಜಾರಿದ್ದರೆ ಸುಮಾರು 4 ನ್ಯೂಟನ್ ಆಯಿತು, ಟೈರಿನ ಕೆಲಸದ ಅರ್ಧಕ್ಕಿಂತ ಹೆಚ್ಚನ್ನು ಅದು ಮುಚ್ಚಿಹಾಕುತ್ತದೆ. ಮಳೆನೀರು ಹರಿದುಹೋಗಲೆಂದು ರಸ್ತೆಗಳಿಗೆ ಇಳಿಜಾರು ಕೊಟ್ಟಿರುವುದರಿಂದ ಪೂರ್ತಿ ಸಮತಟ್ಟಾದ ರಸ್ತೆ ಸಿಗುವುದು ಅಪರೂಪ. ಅದಕ್ಕೆ ಪರಿಹಾರ ಸುಲಭ: ಎರಡೂ ದಿಕ್ಕಿನಲ್ಲಿ ಓಡಿಸಿ ಬಲಗಳ ಸರಾಸರಿ ತೆಗೆಯುವುದು. ಹೋಗುವಾಗ ಇಳಿಜಾರು ಕಳೆದದ್ದನ್ನು ಬರುವಾಗ ಅಷ್ಟೇ ಕೂಡಿಸುತ್ತದೆ. ಗಾರೆ ಕೆಲಸದವರ ಬಳಿ ಇರುವ ಲೆವೆಲ್ ಪೈಪ್ ಸಿಕ್ಕಿದರೆ ಅಳತೆಯ ಜಾಗದಲ್ಲಿ 0, 20, 40 ಮೀಟರಿಗೆ ಎಳೆಯಲಿರುವ ಮೂರೂ ಗೆರೆಗಳ ಎತ್ತರವನ್ನು ಮೊದಲೇ ನೋಡಿಬಿಡಿ. ಮೊದಲ 20 ಮೀಟರಿನ ಇಳಿಜಾರು ಎರಡನೆಯ 20 ಮೀಟರಿನದಕ್ಕಿಂತ ತುಂಬ ಬೇರೆಯಿದ್ದರೆ ಜಾಗ ಬದಲಿಸಿ.

ಗಾಳಿ ಇನ್ನೂ ತಾಪತ್ರಯದ್ದು, ಏಕೆಂದರೆ ಅದು ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಸೆಕೆಂಡಿಗೆ 6.3 ಮೀಟರ್ ವೇಗದಲ್ಲಿ ಹೋಗುವಾಗ ಎದುರಿನಿಂದ ಸೆಕೆಂಡಿಗೆ 1 ಮೀಟರ್ ಗಾಳಿ ಬೀಸಿದರೆ ಗಾಳಿಯ ತಡೆ ಮೂರನೆಯ ಒಂದು ಭಾಗದಷ್ಟು ಏರುತ್ತದೆ. ಅಷ್ಟು ಗಾಳಿ ಮುಖಕ್ಕೆ ತಟ್ಟಿದ್ದು ಗೊತ್ತೂ ಆಗುವುದಿಲ್ಲ. ಎರಡೂ ದಿಕ್ಕಿನ ಸರಾಸರಿಯಿಂದ ಇದರ ಬಹುಭಾಗ ಹೋಗುತ್ತದಾದರೂ ಪೂರ್ತಿ ಹೋಗುವುದಿಲ್ಲ, ಗಾಳಿವೇಗದ ವರ್ಗದಷ್ಟು ಶೇಷ ಉಳಿಯುತ್ತದೆ. ಅದಕ್ಕೇ ಬೆಳಗ್ಗೆ ಬಿಸಿಲೇರುವ ಮುಂಚೆ ಹೋಗಬೇಕು. ಅಳತೆಯ ಜಾಗದಲ್ಲಿ ಎದೆಯೆತ್ತರಕ್ಕೆ ಊದುಬತ್ತಿ ಹಿಡಿಯಿರಿ. ಹೊಗೆ ಒಂದು ಗೇಣಾದರೂ ನೇರವಾಗಿ ಏರಿದರೆ ಶುರುಮಾಡಿ. ಹುಟ್ಟಿದ ಕೂಡಲೇ ಅಡ್ಡ ಮಲಗಿದರೆ ಆ ದಿನ ಬಿಟ್ಟುಬಿಡಿ, ಬೀಸುವ ಗಾಳಿಯಲ್ಲಿ ಎಷ್ಟು ಸಲ ಓಡಿಸಿದರೂ ಸಿಗುವುದು ಗೊಂದಲವೇ.

ಹಾಗೆಂದು ನಸುಕಿನ ಕತ್ತಲಲ್ಲೂ ಹೋಗುವಂತಿಲ್ಲ. ಬೆಳಕು ಕಡಿಮೆಯಾದಾಗ ಬಹಳಷ್ಟು ಫೋನುಗಳು ತಾವಾಗಿಯೇ ಫ್ರೇಮುಗಳ ಸಂಖ್ಯೆ ಇಳಿಸುತ್ತವೆ. ನೀವು 60 ಎಂದು ಲೆಕ್ಕ ಹಾಕುತ್ತೀರಿ, ಫೋನು ತೆಗೆದಿದ್ದು 40 ಆಗಿರಬಹುದು. ಚೆನ್ನಾಗಿ ಬೆಳಗಾದ ಮೇಲೆ ತೆಗೆಯಿರಿ, ಜತೆಗೆ ಅದೇ ಬೆಳಕಿನಲ್ಲಿ ಓಡುತ್ತಿರುವ ಸ್ಟಾಪ್‌ವಾಚನ್ನು ಹತ್ತು ಸೆಕೆಂಡ್ ಚಿತ್ರಿಸಿ ಎಷ್ಟು ಫ್ರೇಮ್ ಬಂದಿದೆ ಎಂದು ಎಣಿಸಿ. 600ರ ಆಸುಪಾಸು ಇದ್ದರೆ ಸರಿ.

ಸೈಕಲ್ ಸಿದ್ಧಮಾಡುವುದು

ಹಿಂದಿನ ರಾತ್ರಿ ಬ್ಲೋ ಹೊಡೆಸಿ. ಒತ್ತಡ ಎಷ್ಟಿರಬೇಕೆಂದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ, ಅದನ್ನು ಮೀರಬೇಡಿ. ಹಳೆಯ ಮಾದರಿಯ ಸೈಕಲ್‌ಗಳಲ್ಲಿ ವಾಲ್ ಟ್ಯೂಬ್ ಎಂಬ ರಬ್ಬರಿನ ಸಣ್ಣ ಕೊಳವೆ ಹಾಕುವ ವಾಲ್ ಇರುತ್ತದೆ. ಅದರಲ್ಲಿ ಗೇಜ್ ನಿಜವಾದ ಒತ್ತಡ ತೋರಿಸುವುದಿಲ್ಲ, ಏಕೆಂದರೆ ಒಳಗಿನ ಗಾಳಿ ಗೇಜಿನತ್ತ ವಾಪಸು ಬರದಂತೆ ಆ ರಬ್ಬರು ತಡೆಯುತ್ತದೆ. ಪಂಪಿನಲ್ಲಿ ಎಷ್ಟು ಸಲ ಒತ್ತಿದಿರಿ ಎಂದು ಬರೆದಿಟ್ಟುಕೊಂಡು ಪ್ರತಿ ಸಲವೂ ಅಷ್ಟೇ ಒತ್ತುವುದು ಅಲ್ಲಿರುವ ದಾರಿ. ಹೋಲಿಕೆಗೆ ಅದು ಸಾಕು.

ಚಕ್ರವನ್ನು ಎತ್ತಿ ಹಿಡಿದು ಮೆಲ್ಲಗೆ ತಿರುಗಿಸಿ ಕಿವಿಗೊಟ್ಟು ಕೇಳಿ. ಸುತ್ತಿಗೊಮ್ಮೆ ‘ಸರ್’ ಎಂದರೆ ರಿಮ್ ಬೆಂಡಾಗಿ ಬ್ರೇಕ್ ರಬ್ಬರಿಗೆ ತಾಗುತ್ತಿದೆ. ಬೆಂಡ್ ತೆಗೆಸಿ, ಇಲ್ಲವೇ ಬ್ರೇಕನ್ನು ಕೊಂಚ ಸಡಿಲಿಸಿ, ಆದರೆ ಹಿಡಿದಾಗ ನಿಲ್ಲುವಷ್ಟು ಬಿಗಿ ಇರಲೇಬೇಕು. ಮಡ್‌ಗಾರ್ಡ್ ತಾಗುತ್ತಿದೆಯೇ ನೋಡಿ. ಟೈರಿಗೆ ಒರಗುವ ಡೈನಮೋ ಇದ್ದರೆ ದೂರ ಸರಿಸಿ, ದೀಪ ಉರಿಸಲು ಅದು ಎಳೆಯುವ ಶಕ್ತಿ ಈ ಅಳತೆಯನ್ನು ಹಾಳುಮಾಡಲು ಧಾರಾಳ ಸಾಕು. ಚಕ್ರ ನಿಲ್ಲುವ ಮುನ್ನ ವಾಲ್ ಇರುವ ಕಡೆ ಕೆಳಗಿಳಿದು, ಒಂದೆರಡು ಸಲ ಹಿಂದಕ್ಕೂ ಮುಂದಕ್ಕೂ ತೂಗಾಡಿ ನಿಂತರೆ ಬೇರಿಂಗ್ ಚೆನ್ನಾಗಿದೆ. ತಟ್ಟನೆ ನಿಂತರೆ ಬೇರಿಂಗನ್ನು ಒತ್ತಿ ಹಿಡಿಯುವ ಕೋನ್ ಅತಿಯಾಗಿ ಬಿಗಿದಿದೆ ಅಥವಾ ಒಳಗಿನ ಗ್ರೀಸ್ ಒಣಗಿ ಮಣ್ಣು ಸೇರಿದೆ.

ಚೈನಿಗೆ ಎಣ್ಣೆ ಹಾಕುವುದು ಒಳ್ಳೆಯ ಅಭ್ಯಾಸವೇ, ಆದರೆ ಈ ಪ್ರಯೋಗಕ್ಕೂ ಅದಕ್ಕೂ ಸಂಬಂಧವಿಲ್ಲ. ಪೆಡಲ್ ನಿಲ್ಲಿಸಿದಾಗ ಫ್ರೀವೀಲ್ ಮಾತ್ರ ಟಿಕ್ ಟಿಕ್ ಎನ್ನುತ್ತದೆ, ಚೈನ್ ನಿಂತಿರುತ್ತದೆ. ಚೈನಿನ ನಷ್ಟ ತುಳಿಯುವಾಗ ಮಾತ್ರ.

ಸೈಕಲ್ ಹಿಡಿದುಕೊಂಡು ತೂಕದ ಯಂತ್ರದ ಮೇಲೆ ನಿಂತು ಒಟ್ಟು ತೂಕ ಬರೆದುಕೊಳ್ಳಿ. ಹೆಲ್ಮೆಟ್, ಶೂ, ಫೋನ್ ಎಲ್ಲ ಸೇರಿರಲಿ. ಇದಕ್ಕೆ ರಿಮ್, ಟೈರ್, ಟ್ಯೂಬ್‌ಗಳ ತೂಕವನ್ನು ಇನ್ನೊಮ್ಮೆ ಕೂಡಿಸಬೇಕು: ಉಕ್ಕಿನ ರಿಮ್ಮಿನ ಸೈಕಲ್ಲಿಗೆ ಎರಡೂ ಚಕ್ರ ಸೇರಿ ಸುಮಾರು 3 ಕಿಲೋ, ಹಗುರವಾದ ಅಲಾಯ್ ರಿಮ್ ಇದ್ದರೆ 2 ಕಿಲೋ. ಚಕ್ರದ ಅಂಚು ಮುಂದಕ್ಕೂ ಸಾಗುತ್ತದೆ, ಅದೇ ವೇಗದಲ್ಲಿ ಸುತ್ತುತ್ತಲೂ ಇರುತ್ತದೆ. ಹಾಗಾಗಿ ಅದರಲ್ಲಿ ಎರಡರಷ್ಟು ಚಲನಶಕ್ತಿ ಇರುತ್ತದೆ. ಇದನ್ನು ಬಿಟ್ಟರೆ ಉತ್ತರದಲ್ಲಿ ನೂರಕ್ಕೆ ಮೂರ್ನಾಲ್ಕು ಭಾಗ ಕಡಿಮೆ ಬರುತ್ತದೆ.

ಓಟ

ರಸ್ತೆಗೆ ಅಡ್ಡಲಾಗಿ ಮೂರು ಗೆರೆ ಎಳೆಯಿರಿ: 0, 20, 40 ಮೀಟರಿನಲ್ಲಿ. ಟೇಪು ಬಿಗಿಯಾಗಿರಲಿ. ಹೆಜ್ಜೆ ಲೆಕ್ಕದಲ್ಲಿ ಅಳೆಯಬೇಡಿ. 20 ಮೀಟರಿನಲ್ಲಿ 10 ಸೆಂಟಿಮೀಟರ್ ತಪ್ಪಿದರೆ ವೇಗದಲ್ಲಾಗುವ ತಪ್ಪು ನೂರಕ್ಕೆ ಅರ್ಧ ಭಾಗವಷ್ಟೇ. ಆದರೆ ನಾವು ಬಳಸುವುದು ಎರಡು ವೇಗಗಳ ವ್ಯತ್ಯಾಸವನ್ನು, ಅಲ್ಲಿ ಅದು ನೂರಕ್ಕೆ ನಾಲ್ಕೈದು ಭಾಗವಾಗಿ ಬೆಳೆದಿರುತ್ತದೆ.

ಫೋನಿನ ಕ್ಯಾಮರಾ ಮುಂದಿನ ಚಕ್ರದ ಪಕ್ಕದ ನೆಲವನ್ನು ನೋಡುವಂತೆ ಕಟ್ಟಿ, ಓಟದ ಪೂರ್ತಿ ವಿಡಿಯೊ ಚಾಲೂ ಇರಲಿ. ನಂತರ ಹೀಗೆ ಮಾಡಿ:

1. ವೇಗದ ಓಟ. ಗಂಟೆಗೆ 25 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು ವೇಗ ಹಿಡಿದು, ಮೊದಲ ಗೆರೆಗೆ ಐದು ಮೀಟರ್ ಮುಂಚೆ ಪೆಡಲ್ ನಿಲ್ಲಿಸಿ. ಎರಡೂ ಪೆಡಲ್ ಒಂದೇ ಮಟ್ಟದಲ್ಲಿರಲಿ, ಬೆನ್ನು, ತಲೆ, ಮೊಣಕೈ ಅಲುಗದಿರಲಿ. ಮೂರನೆಯ ಗೆರೆ ದಾಟುವವರೆಗೆ ಬ್ರೇಕ್ ಮುಟ್ಟಬೇಡಿ, ಬೆರಳುಗಳು ಮಾತ್ರ ಬ್ರೇಕಿನ ಮೇಲೇ ಇರಲಿ.
2. ಅದೇ ಓಟವನ್ನು ಎದುರು ದಿಕ್ಕಿನಿಂದ.
3. ನಿಧಾನದ ಓಟ. ಗಂಟೆಗೆ 12ರಿಂದ 13 ಕಿ.ಮೀ. ವೇಗದಲ್ಲಿ ಅದೇ 40 ಮೀಟರಿನೊಳಕ್ಕೆ ಬನ್ನಿ. ಮೈಯ ಭಂಗಿ ಮೊದಲಿನಂತೆಯೇ ಇರಬೇಕು. ಕೊನೆಯಲ್ಲಿ ಸೈಕಲ್ ಓಲಾಡತೊಡಗಿದರೆ ಆ ಓಟ ಲೆಕ್ಕಕ್ಕಿಲ್ಲ, ಓಲಾಡಿದ ದಾರಿ ಟೇಪಿನ ದಾರಿಗಿಂತ ಉದ್ದ.
4. ಅದನ್ನೂ ಎದುರು ದಿಕ್ಕಿನಿಂದ.

ಇಡೀ ಸರಣಿಯನ್ನು ಕನಿಷ್ಠ ಮೂರು ಸಲ ಮಾಡಿ. ವೇಗದ ಓಟಗಳನ್ನೆಲ್ಲ ಮೊದಲು ಮುಗಿಸಿ ನಿಧಾನದ್ದನ್ನು ಆಮೇಲೆ ಇಟ್ಟುಕೊಂಡರೆ ಅಷ್ಟರಲ್ಲಿ ಗಾಳಿ ಏಳುತ್ತದೆ, ಟೈರು ಬಿಸಿಯಾಗುತ್ತದೆ. ಒಂದರ ನಂತರ ಒಂದು ಬೆರೆಸಿ ಮಾಡುವುದೇ ಸರಿ.

ಮನೆಗೆ ಬಂದು ವಿಡಿಯೊವನ್ನು ಒಂದೊಂದೇ ಫ್ರೇಮ್ ಸರಿಸುತ್ತ ನೋಡಿ. ಸುಣ್ಣದ ಗೆರೆ ಚಿತ್ರದಲ್ಲಿ ಯಾವುದೋ ಒಂದು ಗೊತ್ತಾದ ಜಾಗ, ಉದಾಹರಣೆಗೆ ಮುಂದಿನ ಆಕ್ಸಲ್ ನಟ್ಟಿನ ನೇರ, ಮುಟ್ಟಿದ ಫ್ರೇಮನ್ನು ಬರೆದುಕೊಳ್ಳಿ. ಮೂರೂ ಗೆರೆಗಳಿಗೆ ಅದೇ ಗುರುತು.

ಲೆಕ್ಕ

ಒಂದು ಮಾದರಿ ಲೆಕ್ಕ ನೋಡೋಣ. ನೆಟ್ಟಗೆ ಕುಳಿತು ಓಡಿಸುವ ಸಾಮಾನ್ಯ ಸೈಕಲ್, ಒಟ್ಟು ತೂಕ 80 ಕಿಲೋ, ಚಕ್ರಗಳ ಹೆಚ್ಚುವರಿ ಸೇರಿ 83. ಎರಡೂ ದಿಕ್ಕಿನ ಸರಾಸರಿಯಾಗಿ ಬಂದ ಸಮಯ ಹೀಗಿದೆ ಎಂದುಕೊಳ್ಳಿ: ವೇಗದ ಓಟದಲ್ಲಿ ಮೊದಲ 20 ಮೀಟರಿಗೆ 3.02 ಸೆಕೆಂಡ್, ಮುಂದಿನ 20 ಮೀಟರಿಗೆ 3.39 ಸೆಕೆಂಡ್. ನಿಧಾನದ ಓಟದಲ್ಲಿ 6.45 ಮತ್ತು 8.63 ಸೆಕೆಂಡ್. (ನಿಮ್ಮ ಲೆಕ್ಕದಲ್ಲಿ ಸಮಯದ ಸರಾಸರಿ ತೆಗೆಯಬೇಡಿ. ಪ್ರತಿ ಓಟದ ಬಲವನ್ನು ಬೇರೆಯಾಗಿ ಕಂಡುಹಿಡಿದು ಬಲಗಳ ಸರಾಸರಿ ತೆಗೆಯಿರಿ, ಇಳಿಜಾರು ಹೋಗುವುದು ಆಗಲೇ. ಇಲ್ಲಿ ದಾರಿ ತೋರಿಸಲೆಂದು ಒಂದೇ ಜೋಡಿ ಇಟ್ಟುಕೊಂಡಿದೆ.)

ವೇಗದ ಓಟ: 20 ÷ 3.02 = 6.62, 20 ÷ 3.39 = 5.90. ಸೆಕೆಂಡಿಗೆ ಇಷ್ಟು ಮೀಟರ್ ಎಂಬ ಈ ಎರಡು ವೇಗಗಳ ನಡುವೆ ಇಳಿದದ್ದು 0.72. ಇದಕ್ಕೆ ಹಿಡಿದ ಹೊತ್ತು ಎರಡು ಸಮಯಗಳ ಸರಾಸರಿ, ಅಂದರೆ 3.2 ಸೆಕೆಂಡ್. ಏಕೆಂದರೆ ಪ್ರತಿ ತುಂಡಿನ ಸರಾಸರಿ ವೇಗ ಇದ್ದದ್ದು ಆ ತುಂಡಿನ ನಡುಹೊತ್ತಿನಲ್ಲಿ. ಹಾಗಾಗಿ ಸೆಕೆಂಡಿಗೆ 0.225ರಂತೆ ವೇಗ ಇಳಿದಿದೆ. 83ರಿಂದ ಗುಣಿಸಿದರೆ ತಡೆಯುವ ಒಟ್ಟು ಬಲ 18.7 ನ್ಯೂಟನ್. ಆಗಿನ ವೇಗ 6.26, ಅದರ ವರ್ಗ 39.2.

ನಿಧಾನದ ಓಟವನ್ನೂ ಹೀಗೆಯೇ ಮಾಡಿದರೆ ವೇಗಗಳು 3.10 ಮತ್ತು 2.32, ಇಳಿಕೆ ಸೆಕೆಂಡಿಗೆ 0.104, ಬಲ 8.6 ನ್ಯೂಟನ್. ನಡುವಿನ ವೇಗ 2.71, ಅದರ ವರ್ಗ 7.3.

ಎರಡು ಓಟಗಳಲ್ಲೂ ಟೈರಿನ ಪಾಲು ಒಂದೇ. ಒಂದರಿಂದ ಇನ್ನೊಂದನ್ನು ಕಳೆದರೆ ಅದು ಹೊರಟುಹೋಗಿ ಗಾಳಿಯದ್ದು ಮಾತ್ರ ಉಳಿಯುತ್ತದೆ: 18.7 − 8.6 = 10.1 ನ್ಯೂಟನ್. ವರ್ಗಗಳ ವ್ಯತ್ಯಾಸ 39.2 − 7.3 = 31.9. ಭಾಗಿಸಿದರೆ 0.317. ಇದು ಗಾಳಿಯ ಅಂಕ. ಯಾವುದೇ ವೇಗದ ವರ್ಗಕ್ಕೆ ಇದನ್ನು ಗುಣಿಸಿದರೆ ಆ ವೇಗದಲ್ಲಿನ ಗಾಳಿಯ ತಡೆ ಸಿಗುತ್ತದೆ. ನಿಧಾನದ ಓಟದಲ್ಲಿ ಗಾಳಿಯ ಪಾಲು 0.317 × 7.3 = 2.3 ನ್ಯೂಟನ್. ಅದನ್ನು 8.6ರಿಂದ ಕಳೆದರೆ 6.3 ನ್ಯೂಟನ್ ಉರುಳು ಘರ್ಷಣೆ. ಇದನ್ನು ತೂಕದ ಬಲದಿಂದ, ಅಂದರೆ 80 × 9.8 = 784 ನ್ಯೂಟನ್‌ನಿಂದ ಭಾಗಿಸಿದರೆ ಉರುಳು ಘರ್ಷಣೆಯ ಗುಣಾಂಕ 0.008.

ಬೇರೆ ಊರಿನವರ ಫಲಿತಾಂಶದ ಜತೆ ಹೋಲಿಸಬೇಕಾದರೆ ಗಾಳಿಯ ಅಂಕದಿಂದ ಗಾಳಿಯ ಸಾಂದ್ರತೆಯನ್ನು ತೆಗೆದುಹಾಕಬೇಕು. ಸಾಂದ್ರತೆ = ಪ್ಯಾಸ್ಕಲ್‌ಗಳಲ್ಲಿ ಒತ್ತಡ ÷ (287 × (ಸೆಲ್ಸಿಯಸ್ ಉಷ್ಣತೆ + 273)). ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಒತ್ತಡ ಸುಮಾರು 91,000 ಪ್ಯಾಸ್ಕಲ್. 23 ಡಿಗ್ರಿಯ ಬೆಳಗಿನಲ್ಲಿ ಒಂದು ಘನ ಮೀಟರ್ ಗಾಳಿ 1.07 ಕಿಲೋ ತೂಗುತ್ತದೆ. ಮಂಗಳೂರಿನಲ್ಲಿ 28 ಡಿಗ್ರಿಯಲ್ಲಿ ಅದು 1.17. ಅದೇ ಸೈಕಲ್, ಅದೇ ಸವಾರ, ಅದೇ ವೇಗ, ಆದರೂ ಕರಾವಳಿಯಲ್ಲಿ ಗಾಳಿಯ ತಡೆ ನೂರಕ್ಕೆ ಒಂಬತ್ತು ಭಾಗ ಹೆಚ್ಚು. ಬೆಲ್ಜಿಯಂನ ಸೈಕಲ್ ಓಟಗಾರ ಎಡ್ಡಿ ಮರ್ಕ್ಸ್ 1972ರಲ್ಲಿ ಒಂದು ಗಂಟೆಯ ದಾಖಲೆಗೆಂದು ಯುರೋಪು ಬಿಟ್ಟು 2,240 ಮೀಟರ್ ಎತ್ತರದ ಮೆಕ್ಸಿಕೊ ಸಿಟಿಗೆ ಹೋಗಿ 49.431 ಕಿ.ಮೀ. ಓಡಿಸಿದ್ದೂ ತೆಳುಗಾಳಿಯ ಈ ಲಾಭಕ್ಕಾಗಿ.

ಇಲ್ಲಿ ಒಂದು ಎಚ್ಚರಿಕೆ. ಹವಾಮಾನದ ಆ್ಯಪ್ ತೋರಿಸುವ ಒತ್ತಡವನ್ನು ನೇರವಾಗಿ ಹಾಕಬೇಡಿ. ಅದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಸಂಖ್ಯೆ, ಬೆಂಗಳೂರಿಗೂ 1,010 ಹೆಕ್ಟೋಪ್ಯಾಸ್ಕಲ್ (ಅಂದರೆ 1,01,000 ಪ್ಯಾಸ್ಕಲ್) ಎಂದೇ ತೋರಿಸೀತು. ಫೋನಿನಲ್ಲೇ ಬ್ಯಾರೋಮೀಟರ್ ಸೆನ್ಸರ್ ಇದ್ದರೆ ಅದು ನೀವಿರುವ ಜಾಗದ ನಿಜವಾದ ಒತ್ತಡ ಕೊಡುತ್ತದೆ.

ಗಾಳಿಯ ಅಂಕವನ್ನು ಎರಡರಿಂದ ಗುಣಿಸಿ ಸಾಂದ್ರತೆಯಿಂದ ಭಾಗಿಸಿ: 0.634 ÷ 1.07 = 0.59 ಚದರ ಮೀಟರ್. ಗಾಳಿಗೆ ಎದುರಾಗುವ ವಿಸ್ತೀರ್ಣವೂ ಮೈಯ ಆಕಾರವೂ ಸೇರಿದ ಸಂಖ್ಯೆ ಇದು, ಊರು ಬದಲಾದರೂ ಬದಲಾಗುವುದಿಲ್ಲ. ಇದನ್ನು ಗಾಳಿಯ ವಿಸ್ತೀರ್ಣ ಎನ್ನೋಣ.

ಉತ್ತರ ಸರಿಯೇ ಎಂದು ನೋಡುವುದು

ಡಾಂಬರಿನ ಮೇಲೆ ಚೆನ್ನಾಗಿ ಗಾಳಿ ತುಂಬಿದ ತೆಳು ಟೈರಿಗೆ ಉರುಳು ಗುಣಾಂಕ 0.004ರಿಂದ 0.006, ದಪ್ಪ ಸಾಧಾರಣ ಟೈರಿಗೆ 0.008ರಿಂದ 0.010ರ ಆಸುಪಾಸು. 0.02 ಬಂದರೆ ಎಲ್ಲೋ ತಾಗುತ್ತಿದೆ: ಬ್ರೇಕ್ ರಬ್ಬರನ್ನೇ ಮೊದಲು ನೋಡಿ. ಗಾಳಿಯ ವಿಸ್ತೀರ್ಣ ನೆಟ್ಟಗೆ ಕುಳಿತವರಿಗೆ 0.55ರಿಂದ 0.7, ಬಾಗಿದ ಹ್ಯಾಂಡಲಿನ ರೇಸ್ ಸೈಕಲ್ಲಿಗೆ 0.35ರಿಂದ 0.4. ಒಂದೇ ದಿಕ್ಕಿನ ಓಟಗಳ ನಡುವೆಯೇ ಉತ್ತರ ನೂರಕ್ಕೆ ಇಪ್ಪತ್ತು ಭಾಗ ಏರುಪೇರಾದರೆ ಗಾಳಿ ಬೀಸಿದೆ. ದಿಕ್ಕಿನಿಂದ ದಿಕ್ಕಿಗೆ ಮಾತ್ರ ಬೇರೆಯಾಗಿ, ಪ್ರತಿ ದಿಕ್ಕಿನೊಳಗೆ ಒಂದೇ ಬಂದರೆ ಅದು ಇಳಿಜಾರು, ಹೆದರಬೇಕಿಲ್ಲ. ನಿಧಾನದ ಓಟದಲ್ಲಿ ಒಂದು ದಿಕ್ಕಿಗೆ 10.2, ಇನ್ನೊಂದಕ್ಕೆ 7.0 ನ್ಯೂಟನ್ ಬಂತೆನ್ನಿ. ವ್ಯತ್ಯಾಸದ ಅರ್ಧ 1.6, ಅದನ್ನು 784ರಿಂದ ಭಾಗಿಸಿದರೆ 0.002. ನೂರು ಮೀಟರಿಗೆ 20 ಸೆಂಟಿಮೀಟರ್ ಇಳಿಜಾರನ್ನು ನಿಮ್ಮ ಸೈಕಲ್ಲೇ ಅಳೆದುಕೊಟ್ಟಿತು!

ಈ ಎರಡು ಸಂಖ್ಯೆಗಳಿಂದ ತಿಳಿಯುವುದು

ಗಂಟೆಗೆ 10 ಕಿ.ಮೀ. ವೇಗದಲ್ಲಿ ಟೈರಿನ ತಡೆ 6.3 ನ್ಯೂಟನ್, ಗಾಳಿಯದ್ದು 2.4. ಗಂಟೆಗೆ 16 ಕಿ.ಮೀ. ಹತ್ತಿರ ಎರಡೂ ಸಮ. 20ರಲ್ಲಿ ಗಾಳಿ 9.8ಕ್ಕೆ ಏರುತ್ತದೆ, 30ರಲ್ಲಿ 22ಕ್ಕೆ. ಟೈರಿನದ್ದು ಎಲ್ಲ ಕಡೆ 6.3. ಚಕ್ರಕ್ಕೆ ತಲುಪಬೇಕಾದ ಶಕ್ತಿ, ಅಂದರೆ ಬಲ ಮತ್ತು ವೇಗದ ಗುಣಲಬ್ಧ, 10ರಲ್ಲಿ 24 ವಾಟ್, 20ರಲ್ಲಿ 89 ವಾಟ್, 30ರಲ್ಲಿ 236 ವಾಟ್. ವೇಗವನ್ನು 20ರಿಂದ 30ಕ್ಕೆ ಏರಿಸಲು ಎರಡೂವರೆ ಪಟ್ಟಿಗಿಂತ ಹೆಚ್ಚು ತುಳಿಯಬೇಕು. ಶಾಲೆಗೆ, ಪೇಟೆಗೆ ನಿಧಾನವಾಗಿ ಹೋಗಿಬರುವವರಿಗೆ ಬ್ಲೋ ಹೊಡೆಸುವುದೇ ದೊಡ್ಡ ಲಾಭ. ಬೆಳಗ್ಗೆ ಹೆದ್ದಾರಿಯಲ್ಲಿ ಮೂವತ್ತರ ಮೇಲೆ ಓಡಿಸುವವರಿಗೆ ಮೈಯ ಭಂಗಿ ಮತ್ತು ಬಟ್ಟೆ. ದುಬಾರಿ ಟೈರಿಗೆ ಹಣ ಸುರಿಯುವ ಮೊದಲು ನೀವು ಯಾವ ವೇಗದವರು ಎಂದು ನೋಡಿಕೊಳ್ಳಿ.

ಈಗ ಒಂದೊಂದನ್ನೇ ಬದಲಿಸಿ ಮತ್ತೆ ಅಳೆಯಬಹುದು. ಒಂದು ಸಲಕ್ಕೆ ಒಂದೇ ಬದಲಾವಣೆ.

ಟೈರಿನ ಗಾಳಿಯನ್ನು ಅರ್ಧಕ್ಕೆ ಇಳಿಸಿದರೆ ಉರುಳು ಘರ್ಷಣೆ ಏರುವುದು ಕಾಣುತ್ತದೆ, ಗಾಳಿಯ ಅಂಕ ಅಲುಗುವುದಿಲ್ಲ. ರಸ್ತೆಗೆ ತಾಗುವ ಕಡೆ ರಬ್ಬರು ಪ್ರತಿ ಸುತ್ತಿಗೂ ಬಾಗಿ ಮತ್ತೆ ನೆಟ್ಟಗಾಗುತ್ತದೆ. ಬಾಗಿಸಲು ಕೊಟ್ಟ ಶಕ್ತಿಯಲ್ಲಿ ಒಂದು ಪಾಲು ವಾಪಸು ಬರದೆ ಶಾಖವಾಗುತ್ತದೆ. ಗಾಳಿ ಕಡಿಮೆಯಾದಷ್ಟೂ ಬಾಗುವುದು ಹೆಚ್ಚು. ಹಾಗೆಂದು ಕಲ್ಲಿನಂತೆ ಗಟ್ಟಿ ಮಾಡಿದರೆ ಒರಟು ರಸ್ತೆಯಲ್ಲಿ ಸೈಕಲ್ಲೂ ಸವಾರನೂ ಕುಲುಕಾಡುತ್ತ ಶಕ್ತಿ ಬೇರೆ ದಾರಿಯಲ್ಲಿ ಸೋರುತ್ತದೆ. ಬೆಲ್‌ಫಾಸ್ಟಿನಲ್ಲಿದ್ದ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಮೇಲೆ ಸೈಕಲ್‌ಗಳಲ್ಲಿ ಗಟ್ಟಿ ರಬ್ಬರಿನ ಟೈರು ಹಿಂದೆ ಸರಿದದ್ದಕ್ಕೆ ಕಾರಣವೂ ಇದೇ.

ಕ್ಯಾರಿಯರಿನಲ್ಲಿ 10 ಕಿಲೋ ಅಕ್ಕಿಚೀಲ ಬಿಗಿದು ಓಡಿಸಿ. ‘ಭಾರ ಹೆಚ್ಚಾದರೆ ಬೇಗ ನಿಲ್ಲುತ್ತದೆ’ ಎಂದು ಬಹಳ ಮಂದಿ ಹೇಳುತ್ತಾರೆ, ಅಳತೆ ಅದನ್ನು ಒಪ್ಪುವುದಿಲ್ಲ. ಉರುಳು ಘರ್ಷಣೆ 0.8 ನ್ಯೂಟನ್ ಏರುತ್ತದೆ ನಿಜ, ಆದರೆ ತೂಕವೂ ಅದೇ ಪ್ರಮಾಣದಲ್ಲಿ ಏರಿರುವುದರಿಂದ ಟೈರಿನಿಂದಾಗುವ ವೇಗದ ಇಳಿಕೆ ಹೆಚ್ಚುಕಡಿಮೆ ಮೊದಲಿನಷ್ಟೇ. ಗಾಳಿಯ ತಡೆಗೆ ಚೀಲದ ಭಾರ ಗೊತ್ತಾಗುವುದಿಲ್ಲ. ಅದೇ ಬಲ ಈಗ ಹೆಚ್ಚು ತೂಕವನ್ನು ನಿಲ್ಲಿಸಬೇಕು. ಹಾಗಾಗಿ ಭಾರದ ಸೈಕಲ್ ಉರುಳುವುದು ಇನ್ನಷ್ಟು ದೂರ. ಚೀಲ ನಿಮ್ಮ ಬೆನ್ನ ಹಿಂದೆಯೇ ಇರಲಿ, ಪಕ್ಕಕ್ಕೆ ಚಾಚಿದರೆ ಗಾಳಿಗೆ ಎದುರಾಗುವ ವಿಸ್ತೀರ್ಣವೂ ಬದಲಾಗಿ ಎರಡು ಬದಲಾವಣೆ ಒಟ್ಟಿಗೆ ಆಗುತ್ತವೆ.

ಮೊಣಕೈ ಮಡಿಸಿ, ಭುಜ ತಗ್ಗಿಸಿ, ಕಣ್ಣು ರಸ್ತೆಯ ಮೇಲೇ ಇಟ್ಟು ಓಡಿಸಿದರೆ ವೇಗದ ಓಟದಲ್ಲಿ ವ್ಯತ್ಯಾಸ ಕಾಣುತ್ತದೆ. ಗುಂಡಿ ಬಿಚ್ಚಿದ ಅಂಗಿ, ಮಳೆಯ ಕೋಟು ಇದಕ್ಕೆ ತದ್ವಿರುದ್ಧ. ಇನ್ನೊಬ್ಬರ ಹಿಂದೆ ಓಡಿಸಿದರೆ ಎಷ್ಟು ಉಳಿತಾಯ ಎಂಬುದಕ್ಕೆ ಹಳೆಯ ಸಾಕ್ಷಿಯಿದೆ: ಅಮೆರಿಕದ ಚಾರ್ಲ್ಸ್ ಮರ್ಫಿ 1899ರ ಜೂನ್ 30ರಂದು ರೈಲಿನ ಹಿಂದೆ, ಹಳಿಗಳ ನಡುವೆ ಹಾಸಿದ ಹಲಗೆಯ ಮೇಲೆ ಸೈಕಲ್ ಓಡಿಸಿ ಒಂದು ಮೈಲಿಯನ್ನು 57.8 ಸೆಕೆಂಡಿನಲ್ಲಿ ದಾಟಿದ. ಗಾಳಿಯ ತಡೆಯನ್ನು ರೈಲು ಹೊತ್ತಿತ್ತು. ಇದನ್ನು ಓದಿ ಲಾರಿಯ ಹಿಂದೆ ಅಂಟಿಕೊಂಡು ಓಡಿಸಲು ಯಾರೂ ಹೋಗಬಾರದು, ಲಾರಿ ಬ್ರೇಕ್ ಹಾಕಿದ್ದು ನಿಮಗೆ ತಿಳಿಯುವ ಹೊತ್ತಿಗೆ ಜಾಗವೇ ಉಳಿದಿರುವುದಿಲ್ಲ.

ಇಳಿಜಾರಿನಲ್ಲಿ

ಘಟ್ಟದ ರಸ್ತೆಯಲ್ಲಿ ಅಳತೆ ಮಾಡಲು ಹೋಗಬೇಡಿ, ಲೆಕ್ಕ ಮಾತ್ರ ಮಾಡಿ. ನೂರು ಮೀಟರಿಗೆ 6 ಮೀಟರ್ ಇಳಿಯುವ ಕಡೆ 80 ಕಿಲೋವನ್ನು ಗುರುತ್ವ 47 ನ್ಯೂಟನ್ ಬಲದಿಂದ ಎಳೆಯುತ್ತದೆ. ಟೈರಿನ 6.3 ಕಳೆದು ಉಳಿದ 40.7ನ್ನು ಗಾಳಿ ಸರಿದೂಗಿಸುವವರೆಗೆ ವೇಗ ಏರುತ್ತಲೇ ಇರುತ್ತದೆ: 40.7 ÷ 0.317 = 128, ಅದರ ವರ್ಗಮೂಲ 11.3. ಗಂಟೆಗೆ 41 ಕಿ.ಮೀ. ಇದೇ ಲೆಕ್ಕದಲ್ಲಿ ಒಟ್ಟು 100 ಕಿಲೋ ಆದರೆ ಗಂಟೆಗೆ 46 ಕಿ.ಮೀ. ತಲುಪುತ್ತದೆ.

ಆ ಇಳಿಜಾರಿನಲ್ಲಿ ಗಂಟೆಗೆ 20 ಕಿ.ಮೀ. ಮೀರದಂತೆ ಇಳಿಯಬೇಕಾದರೆ ಟೈರು ಮತ್ತು ಗಾಳಿ ಸೇರಿ 16 ನ್ಯೂಟನ್ ಹಿಡಿಯುತ್ತವೆ, ಉಳಿದ 31 ನ್ಯೂಟನ್ ಬ್ರೇಕಿನ ಪಾಲು. ಅಂದರೆ 172 ವಾಟ್ ಶಾಖ ಇಳಿದಷ್ಟು ಹೊತ್ತೂ ರಿಮ್ಮಿಗೂ ರಬ್ಬರಿಗೂ ಹೋಗುತ್ತಿರುತ್ತದೆ. ಬೇಕಾದ ಘರ್ಷಣೆ ಎಂದರೆ ಇದು. ಒಂದೇ ಬ್ರೇಕನ್ನು ಬಿಡದೆ ಹಿಡಿದಿದ್ದರೆ ಶಾಖವೆಲ್ಲ ಒಂದೇ ರಿಮ್ಮಿಗೆ ಹೋಗುತ್ತದೆ. ಹಿಂದಿನದು, ಮುಂದಿನದು ಎರಡನ್ನೂ ಬಳಸಿ, ತಿರುವಿಗೆ ಮುಂಚೆಯೇ ವೇಗ ಇಳಿಸಿ, ನಡುನಡುವೆ ಬಿಟ್ಟು ರಿಮ್ ಆರಲು ಬಿಡಿ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ ಮೇಲೆ ರಬ್ಬರಿನ ಹಿಡಿತ ತೀರ ಕಡಿಮೆಯಾಗುತ್ತದೆ. ಚಕ್ರ ಕೆಲವು ಸುತ್ತು ಸುತ್ತಿ ನೀರು ಒರೆಸಿಹೋದ ಮೇಲೆಯೇ ಬ್ರೇಕ್ ಹಿಡಿಯತೊಡಗುತ್ತದೆ. ಆದ್ದರಿಂದ ಮಳೆಗಾಲದಲ್ಲಿ ನಿಲ್ಲಬೇಕಾದ ಜಾಗಕ್ಕೆ ಬಹಳ ಮುಂಚೆಯೇ ಬ್ರೇಕನ್ನು ಮೆಲ್ಲಗೆ ತಾಗಿಸಿಟ್ಟುಕೊಂಡು ರಿಮ್ ಒರೆಸಿ, ಆಮೇಲೆ ಒತ್ತಿ ಹಿಡಿಯಿರಿ.